ಹಿಂಡಿ ಡಬ್ಬಿಯಲ್ಲಿದ್ದ ಕರಡಿಗೆ

ಈರಮ್ಮ, ನನ್ನ ಲಿಂಗದ ಕರಡಿಗೆಯನ್ನು ನೀನು ಕದಿಯಲಿಲ್ಲ. ಅದನ್ನು ಬಚ್ಚಿಟ್ಟವಳು ನಾನು.

ನಿನಗೆ ಇದು ಹೊಸ ಸುದ್ದಿಯಲ್ಲ—ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವರು ಉಳಿದವರೆಲ್ಲ. ಅವರೂ ಓದಲಿ ಎಂದೇ ಬರೆಯುತ್ತಿದ್ದೇನೆ, ಆದ್ದರಿಂದ ನೀನು ಬಲ್ಲದ್ದನ್ನೂ ಮೊದಲಿನಿಂದ ಹೇಳಬೇಕು. ಬೇಸರ ಮಾಡಿಕೊಳ್ಳಬೇಡ. ಬೇಸರ—ಎಂಥ ಮಾತು ಬರೆದೆ ನೋಡು.

ಇಪ್ಪತ್ತೈದು ವರ್ಷದ ಹಿಂದೆ ನಾವಿಬ್ಬರೂ ಆದೋನಿಯಲ್ಲಿ ಮೊದಲ ವರ್ಷದ ಡಿಗ್ರಿ ಓದುತ್ತಿದ್ದೆವು. ನಾನು ಗೋನೆಗಂಡ್ಲದ ಹತ್ತಿ ವ್ಯಾಪಾರಿಯ ಮಗಳು ಪಾರ್ವತಿ. ನೀನು ಮಾಧವರಂನವಳು, ಹೊಲಗಳಲ್ಲಿ ಕೂಲಿ ಮಾಡುವ ತಾಯಿಯ ಒಬ್ಬಳೇ ಮಗಳು, ನಿಮ್ಮ ಓಣಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಹಾಸ್ಟೆಲ್‌ನಲ್ಲಿ ನಮ್ಮ ರೂಮಿಗೆ ಎಂಟು ಮಂದಿ. ಇಡೀ ಮಹಡಿಗೆ ಎರಡು ಬಚ್ಚಲು. ನಮ್ಮ ಮನೆಯಲ್ಲಿ ಸ್ನಾನ ಮಾಡಿ ಲಿಂಗಪೂಜೆ ಆಗದೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಆ ಗದ್ದಲದಲ್ಲಿ ನನ್ನ ಪೂಜೆ ನಡೆಯುತ್ತಿದ್ದುದು ನಿನ್ನಿಂದ. ನೀನು ನಲ್ಲಿಯ ಮುಂದೆ ನಿಂತು ನನಗೂ ಒಂದು ಬಕೆಟ್ ನೀರು ಹಿಡಿದಿಡುತ್ತಿದ್ದೆ. ನಿನ್ನ ಹಾಸಿಗೆ ಸುತ್ತಿ ಮೂಲೆಯಲ್ಲಿ ನನಗೆ ಜಾಗ ಮಾಡಿಕೊಡುತ್ತಿದ್ದೆ. ನಾನು ಕರಡಿಗೆ ತೆರೆದು ಕೂತರೆ, ಯಾರೂ ಅಡ್ಡ ಬರದಂತೆ ಬೆನ್ನು ತಿರುಗಿಸಿ ಕಾವಲು ಕೂಡುತ್ತಿದ್ದೆ. ನಿನಗೆ ಲಿಂಗವಿರಲಿಲ್ಲ. ನನ್ನದನ್ನು ಒಂದು ದಿನವೂ ಮುಟ್ಟಲಿಲ್ಲ.

ದಸರಾ ರಜೆ ಮುಗಿದ ಮೇಲೆ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಹಾಸ್ಟೆಲ್ ಬಿಟ್ಟು ಅಪಾರ್ಟ್‌ಮೆಂಟ್ ಹಿಡಿದರು. ಆದೋನಿಯಲ್ಲಿ ಆಗ ಅಪಾರ್ಟ್‌ಮೆಂಟ್ ಎಂದರೆ ಬೆರಳೆಣಿಕೆ. ಮೂರನೆಯ ಮಹಡಿ, ಬಾಲ್ಕನಿಯಲ್ಲಿ ನಿಂತರೆ ಜಿನ್ನಿಂಗ್ ಮಿಲ್ಲುಗಳ ತಗಡಿನ ಸೂರು, ಗಾಳಿಯಲ್ಲಿ ತೇಲುವ ಹತ್ತಿಯ ಎಳೆ. "ಮೂರನೇ ಹುಡುಗಿ ಬೇಕು, ನೀ ಬಾ" ಅಂದರು. ನನಗೆ ಬಾಲ್ಕನಿಗಿಂತ ಹೆಚ್ಚು ಕಣ್ಣಿಗೆ ಬಿದ್ದದ್ದು ಅವರ ಬೆರಳಲ್ಲಿ ತಿರುಗುತ್ತಿದ್ದ ಬೀಗದ ಕೈ. ಹದಿನೆಂಟು ವರ್ಷಕ್ಕೆ ನನ್ನದೇ ಒಂದು ಬೀಗದ ಕೈ! ಜುಟ್ಟಿಗೆ ಮಲ್ಲಿಗೆ ಬೇಕೇ ಬೇಕು ಅನ್ನುವ ವಯಸ್ಸು—ಅಲ್ಲ, ವಯಸ್ಸಿನ ಮೇಲೆ ಹಾಕುವುದು ಬೇಡ. ಆಸೆ ನನ್ನದು.

ಅಪ್ಪನನ್ನು ಕೇಳಿದೆ. ಆದೋನಿ ಮಾರ್ಕೆಟ್‌ಗೆ ಹತ್ತಿ ತಂದಾಗಲೆಲ್ಲ ಹಾಸ್ಟೆಲ್‌ಗೆ ಬಂದು ನನ್ನನ್ನು ನೋಡಿ ಹೋಗುತ್ತಿದ್ದ.

"ಹೆಣ್ಣುಮಕ್ಕಳು ಬಾಡಿಗಿ ಮನ್ಯಾಗ ಇರಾದಾ? ಕೇಳಿದ ಮಂದಿ ಏನಂತಾರ? ಸುಮ್ನ ಓದು" ಅಂದ.

ಅಪ್ಪ ಒಂದೇ ಒಂದು ವಿಷಯಕ್ಕೆ ಬಗ್ಗುತ್ತಾನೆಂದು ನನಗೆ ಗೊತ್ತಿತ್ತು. ಹಾಸ್ಟೆಲ್‌ನಲ್ಲಿ ಲಿಂಗ ಕಳೆಯಿತು ಎಂದರೆ ಸಾಕು. ಮಠಕ್ಕೆ ಕರೆದೊಯ್ದು ಹೊಸ ಲಿಂಗ ಕಟ್ಟಿಸುತ್ತಾನೆ, ಇಂಥ ಜಾಗದಲ್ಲಿ ಶಿವನಿಗೆ ಠಾವಿಲ್ಲ ಎಂದು ತಾನೇ ಹಾಸ್ಟೆಲ್ ಬಿಡಿಸುತ್ತಾನೆ. ಲೆಕ್ಕ ಸರಿಯಾಗಿಯೇ ಇತ್ತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ನಂಬು—ನಂಬದಿದ್ದರೂ ನಡೆದೀತು.

ಆ ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆ ಕೊರಳಿಂದ ಶಿವದಾರ ತೆಗೆದು, ಕರಡಿಗೆಯನ್ನು ನನ್ನ ಶೇಂಗಾ ಹಿಂಡಿಯ ಡಬ್ಬಿಯೊಳಗೆ ಒತ್ತಿದೆ. ಅವ್ವ ಕಳಿಸಿದ ಚಟ್ನಿಪುಡಿಯ ಡಬ್ಬಿ. ಹಾಸ್ಟೆಲ್‌ನ ನೀರು ಸಾರಿಗೆ ನಾವಿಬ್ಬರೂ ಅದನ್ನೇ ಉದುರಿಸಿಕೊಂಡು ಉಣ್ಣುತ್ತಿದ್ದೆವು. ತಿರುಗಿ ಬಂದು, ಕಿಟಕಿಯ ಮೇಲೆ ಇಟ್ಟಿದ್ದೆ, ಕಾಣುತ್ತಿಲ್ಲ ಎಂದು ಅತ್ತೆ. ಅಳು ಬಂತು, ಅದೇ ಆಶ್ಚರ್ಯ.

ವಾರ್ಡನ್ ಬಂದಳು. ಅವಳು ಕೇಳಿದ ಮೊದಲ ಮಾತು, "ವೆಂಡಿದೇನಾ?" ತೆಲುಗಿನಲ್ಲಿ, ಬೆಳ್ಳಿಯದೇನು ಎಂದು.

ಹುಟ್ಟಿದಾಗಿನಿಂದ ಕೊರಳಲ್ಲಿದ್ದದ್ದು ನನಗೆ ಲಿಂಗ ಮಾತ್ರವಾಗಿತ್ತು. ಅದರ ಕವಚ ಬೆಳ್ಳಿಯದು, ಬೆಳ್ಳಿಯನ್ನು ಜನ ಕದಿಯುತ್ತಾರೆ, ಕದ್ದವರನ್ನು ಹುಡುಕುತ್ತಾರೆ ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಬರಿ ಕೊರಳಿಗೆ ಹೋಯಿತು. ಯಾರೂ ಗಮನಿಸಲಿಲ್ಲ. ಎಲ್ಲರ ಟ್ರಂಕು ತೆಗೆಸಿದರು. ನನ್ನದನ್ನು ಬಿಟ್ಟು.

ಅಪ್ಪ ಮಾರ್ಕೆಟ್‌ನಿಂದ ಓಡಿ ಬಂದ. ಅಂಗಿಗೆ ಹತ್ತಿ ಅಂಟಿತ್ತು. ನನ್ನ ತಲೆ ಸವರಿ ಕೇಳಿದ, "ನೀ ಬಚ್ಚಲಕ ಹೋದಾಗ ರೂಮಿನ್ಯಾಗ ಯಾರಿದ್ರವ್ವಾ?"

ಇಲ್ಲಿ ನಿಲ್ಲಬಹುದಿತ್ತು. ಡಬ್ಬಿ ತೆಗೆದು, ಅಯ್ಯೋ ಇಲ್ಲೇ ಇದೆ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ನಾನು ಅಂದೆ—

"ಈರಮ್ಮ ಒಬ್ಬಾಕಿನ ಇದ್ಲು."

ಅದು ನಿಜವೇ ಆಗಿತ್ತು. ಎಷ್ಟೋ ವರ್ಷ ಅದನ್ನೇ ಹಿಡಿದುಕೊಂಡು ಬದುಕಿದೆ—ನಾನು ಕಳ್ಳಿ ಅನ್ನಲಿಲ್ಲ, ಇದ್ದದ್ದನ್ನಷ್ಟೇ ಹೇಳಿದೆ ಎಂದು. ನಿನ್ನ ಕಡೆ ನೋಡದೆ ಹೇಳಿದೆ, ಅಷ್ಟರಲ್ಲೇ ಎಲ್ಲ ಇತ್ತು.

ನಿನ್ನ ಟ್ರಂಕಿನಲ್ಲಿ ಏನೂ ಸಿಗದಿದ್ದರೂ ಕಳ್ಳಿ ನೀನೇ ಎಂದಾಯಿತು. ವಾರ್ಡನ್ ಹೇಳಿಕಳಿಸಿ, ಮರುದಿನ ನಿಮ್ಮವ್ವ ಬಂದಳು. ಹಾಸ್ಟೆಲ್ ಅಂಗಳದಲ್ಲಿ ಎಲ್ಲರೆದುರು ನಮ್ಮಪ್ಪನ ಕಾಲು ಹಿಡಿದಳು. "ನಮ್ಮ ಹುಡುಗಿ ಅಂಥಾಕಿ ಅಲ್ಲರೀ ಸಾವಕಾರ್ರ. ಬೇಕಾದ್ರ ಆಣಿ ಮಾಡಸ್ರಿ" ಅಂದಳು. ಅಪ್ಪ ಕೆಟ್ಟವನಲ್ಲ. "ಪೊಲೀಸ್ ಗಿಲೀಸ್ ಬ್ಯಾಡ್ರಿ, ಹೆಣ್ಣುಮಗಳು. ಸುಮ್ನ ಊರಿಗೆ ಕರಕೊಂಡು ಹೋಗಿಬಿಡ್ರಿ" ಅಂದ. ಅದನ್ನು ತನ್ನ ದೊಡ್ಡತನ ಎಂದುಕೊಂಡ. ಮುಂದೆ ನೆಂಟರಿಗೆಲ್ಲ ಹೇಳಿದ. ನಾನು ಪಕ್ಕದಲ್ಲೇ ಕೂತು ಕೇಳಿದೆ.

ನೀನು ಟ್ರಂಕು ಎತ್ತಿಕೊಂಡು ಹೊರಡುವಾಗ ನನ್ನ ಮಂಚದ ಹತ್ತಿರ ನಿಂತೆ. ಬೈಯುತ್ತೀಯ ಎಂದುಕೊಂಡೆ. ನೀನು ಮೆಲ್ಲಗೆ ಅಂದೆ, "ಹಿಂಡಿ ಡಬ್ಬಿ ಭದ್ರ ಇಟ್ಕಾ ಪಾರ್ವತಿ. ನಿಮ್ಮಪ್ಪಾರು ನೋಡಿದ್ರ ತಡಕೊಳ್ಳಂಗಿಲ್ಲ."

ಆಮೇಲೆ ಎಲ್ಲ ನಾನು ಎಣಿಸಿದಂತೆಯೇ ನಡೆಯಿತು. ಅವ್ವ ನನ್ನ ಸಲುವಾಗಿ ಎರಡು ದಿನ ಉಪವಾಸ ಕೂತಳು. ಮಠದಲ್ಲಿ ಹೊಸ ಲಿಂಗ ಕಟ್ಟಿದರು. ಅಪ್ಪ ತಾನೇ ಮುಂದೆ ನಿಂತು ಅಪಾರ್ಟ್‌ಮೆಂಟ್‌ಗೆ ನನ್ನ ಸಾಮಾನು ಸಾಗಿಸಿದ, ಪೂಜೆಗೆಂದು ಒಂದು ಮೂಲೆಯನ್ನು ತಾನೇ ತೊಳೆದ. ಅವನು ಹೋದ ಮೇಲೆ ಬಾಗಿಲು ಹಾಕಿ ಡಬ್ಬಿ ತೆರೆದೆ.

ನಾನು ಕರಡಿಗೆಯನ್ನು ಹಿಂಡಿಯೊಳಗೆ ಹಾಗೇ ತುರುಕಿದ್ದೆ. ಈಗ ಅದರ ಸುತ್ತ ನಿನ್ನ ಕರವಸ್ತ್ರವಿತ್ತು, ಮೂಲೆಯಲ್ಲಿ ಕೆಂಪು ದಾರದ ಹೂವಿದ್ದದ್ದು. ಶೇಂಗಾದ ಎಣ್ಣೆ ಲಿಂಗಕ್ಕೆ ತಾಗದಿರಲಿ ಎಂದು ನೀನು ಅಚ್ಚುಕಟ್ಟಾಗಿ ಸುತ್ತಿ, ಶಿವದಾರವನ್ನೂ ಒರೆಸಿ ಮಡಿಚಿಟ್ಟಿದ್ದೆ. ನಾನು ಬಚ್ಚಲಲ್ಲಿದ್ದಾಗ ಉಪ್ಪಿಟ್ಟಿಗೆಂದು ಡಬ್ಬಿ ತೆರೆದಿರಬೇಕು. ಯಾಕೋ ಇಲ್ಲಿಟ್ಟಿದ್ದಾಳೆ ಎಂದುಕೊಂಡಿರಬೇಕು. ಒಂದು ದಿನವೂ ಮುಟ್ಟದವಳು ಅವತ್ತು ಮುಟ್ಟಿದ್ದು ಹೀಗೆ.

ಯಾಕೆ ಸುಮ್ಮನಿದ್ದೆ ಈರಮ್ಮ? ಡಬ್ಬಿ ತೋರಿಸಿದರೆ, ನೀನೇ ಅಲ್ಲಿಟ್ಟೆ ಅನ್ನುತ್ತಾರೆ ಎಂದು ಹೆದರಿದೆಯಾ? ನಾನೇ ಬಾಯಿ ಬಿಡುತ್ತೇನೆಂದು ಕೊನೆಯತನಕ ಕಾದೆಯಾ? ಕಾದಿದ್ದರೆ—ಅದನ್ನು ನೆನೆಸಿಕೊಳ್ಳಲು ನನಗೆ ಆಗುವುದಿಲ್ಲ.

ಆ ಬಾಲ್ಕನಿಯಲ್ಲಿ ಡಿಗ್ರಿ ಮುಗಿಯುವವರೆಗೆ ಬಟ್ಟೆ ಒಣಗಿಸಿದೆ, ಅಷ್ಟೇ. ಅಪ್ಪ ತೊಳೆದ ಮೂಲೆಯಲ್ಲಿ ಹತ್ತು ದಿನವೂ ಪೂಜೆ ಮಾಡಲಿಲ್ಲ, ಆ ಜಾಗದಲ್ಲಿ ಚಪ್ಪಲಿ ಸ್ಟ್ಯಾಂಡ್ ಬಂತು. ಹಳೆಯ ಕರಡಿಗೆಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಒಂದು ಕೊರಳಿಗೆ ಎರಡು ಲಿಂಗವಿಲ್ಲ. ನೀರಿಗೆ ಬಿಡಲು ಕೈ ಏಳಲಿಲ್ಲ. ಮದುವೆಯಾಗಿ ಮತ್ತೆ ಆದೋನಿಗೇ ಬಂದಾಗ ಸೀರೆಗಳ ಕೆಳಗೆ ತಂದೆ. ಕರವಸ್ತ್ರದಿಂದ ಇವತ್ತಿಗೂ ಶೇಂಗಾ ವಾಸನೆ ಹೋಗಿಲ್ಲ.

ಕಳೆದ ತಿಂಗಳು ಮಗಳು ಕರ್ನೂಲಿನಿಂದ ಫೋನ್ ಮಾಡಿದಳು. ಅವಳದೂ ಮೊದಲ ವರ್ಷ. "ಹಾಸ್ಟೆಲ್ ಸಾಕಾಗೈತಮ್ಮ. ಮೂರು ಮಂದಿ ಸೇರಿ ಅಪಾರ್ಟ್‌ಮೆಂಟ್ ತಗೊಂತೀವಿ. ಅಜ್ಜ ಒಪ್ಪಂಗಿಲ್ಲ, ನೀನ ಏನಾರ ಹೇಳಿ ಒಪ್ಸು" ಅಂದಳು.

ಏನಾದರೂ ಹೇಳಿ. ಫೋನ್ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ಕೂತುಬಿಟ್ಟೆ. ನೀನೇ ಕೇಳು, ಕೇಳಬೇಕಾದ್ದನ್ನು ಮುಖ ನೋಡಿ ಕೇಳು ಎಂದೆ. ಆಮೇಲೆ ನಿನ್ನ ಕಥೆ ಹೇಳಿದೆ. ಅವಳು ಕೇಳಿದಳು, "ಆಕಿ ಈಗ ಎಲ್ಲಿ ಅದಾಳಮ್ಮ?"

ಗೊತ್ತಿಲ್ಲ ಅಂದೆ. ಮಾಧವರಂ ಎಷ್ಟು ದೂರ? ಅದರ ದಾರಿಯಲ್ಲೇ ಮಂತ್ರಾಲಯಕ್ಕೆ ಎಷ್ಟು ಸಲ ಹೋದೆ, ಒಂದು ಸಲವೂ ಯಾರನ್ನೂ ಕೇಳಲಿಲ್ಲ.

ಮೊನ್ನೆ ಗೋನೆಗಂಡ್ಲಕ್ಕೆ ಹೋಗಿ ಅಪ್ಪನ ಮುಂದೆ ಕರಡಿಗೆ ಇಟ್ಟೆ. ಹೇಳಿದೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ನನ್ನನ್ನು ಬೈಯಲಿಲ್ಲ.

"ಆ ತಾಯಿ ನನ್ನ ಕಾಲು ಹಿಡದಿದ್ಲು, ಪಾರ್ವತಿ" ಅಂದ. ಅಷ್ಟೇ. ಆ ದಿನ ಅವನು ಊಟಕ್ಕೆ ಏಳಲಿಲ್ಲ.

ಸೋಮವಾರ ಮಾಧವರಂಗೆ ಬರುತ್ತೇನೆ. ಕ್ಷಮೆ ಕೇಳುವುದಿಲ್ಲ, ಅದನ್ನೂ ನಿನ್ನಿಂದಲೇ ಪಡೆಯುವುದು ಬೇಡ. ನಿನ್ನ ಕರವಸ್ತ್ರ ತರುತ್ತೇನೆ. ಲಿಂಗ ಕದ್ದಾಕಿ ಎಂದು ನಿನ್ನನ್ನು ಕರೆದಿರಬೇಕು ಆ ಊರು. ಮೊದಲು ಕಟ್ಟೆಯ ಮೇಲೆ ಕೂತವರೆದುರು ಕರಡಿಗೆ ಇಟ್ಟು, ಇದು ಎಲ್ಲಿತ್ತು, ಯಾರು ಇಟ್ಟಿದ್ದರು ಎಂದು ಹೇಳುತ್ತೇನೆ. ಆಮೇಲೆ, ಈರಮ್ಮನ ಮನೆ ಎಲ್ಲಿ ಎಂದು ಕೇಳುತ್ತೇನೆ.