ದನದ ಫೌಜದಾರ್ತಿ

ಹೆಗಲ ಮೇಲೆ ಹಗ್ಗದ ಸುರುಳಿಗಳು, ಕಂಕುಳಲ್ಲಿ ಚೀಲ, ಸೊಂಟಕ್ಕೆ ಸಿಕ್ಕಿಸಿದ ಸಣ್ಣ ಕುಡುಗೋಲು. ಇಷ್ಟು ಹೊತ್ತುಕೊಂಡು ತಡಸದ ತಿಪ್ಪವ್ವ ಬೆಳಗಿನ ಬಸ್ಸು ಹತ್ತಿದಳೆಂದರೆ ಆವತ್ತು ಸುತ್ತಲಿನ ಯಾವುದೋ ಊರಿನಲ್ಲಿ ಸಂತೆ ಇದೆ ಎಂದೇ ಅರ್ಥ. ಶಿಗ್ಗಾಂವಿ, ಸವಣೂರು, ಹಾನಗಲ್, ಹಿರೇಕೆರೂರು ನಾಲ್ಕೂ ಕಡೆ ಅವಳ ಗಿರಾಕಿಗಳಿದ್ದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡವಳಂತಾದಳು. ಅರವತ್ತರ ಹತ್ತಿರದ ವಯಸ್ಸು, ಸಣಕಲು ದೇಹ. ದನಿ ಮಾತ್ರ ಸಂತೆಯ ಈ ತುದಿಯಿಂದ ಆ ತುದಿಗೆ ಮುಟ್ಟುವಂಥದ್ದು.

ಎತ್ತಿಗೆ ಕಟ್ಟುವ ಕಣ್ಣಿ, ಮೂಗುದಾರ, ಕರುಗಳ ಕೊರಳಿಗೆ ಗೆಜ್ಜೆಸರ ಎಲ್ಲವೂ ಅವಳ ಹತ್ತಿರ ಸಿಗುತ್ತಿತ್ತು. ಬಾರಕೋಲು ಮಾತ್ರ ಸಿಗುತ್ತಿರಲಿಲ್ಲ. ಗೊತ್ತಿಲ್ಲದೆ ಯಾರಾದರೂ ಕೇಳಿದರೆ, "ಬಾರಕೋಲ ಯಾಕೋ? ಮೊದಲ ನಿನ್ನ ಬೆನ್ನ ತೋರಸು, ಅಳತಿ ನೋಡಿ ಹೆಣದ ಕೊಡ್ತೇನಿ" ಅನ್ನುತ್ತಿದ್ದಳು.

ಹಿಂದೆ ಅವಳೂ ಬಾರಕೋಲು ಹೆಣೆದವಳೇ. ಗಂಡ ಫಕ್ಕೀರಪ್ಪ ಬಾಡಿಗೆ ಬಂಡಿ ಹೊಡೆಯುತ್ತಿದ್ದ. ಒಂದು ದಿನ ಏರಿನಲ್ಲಿ ಬಂಡಿ ನಿಂತಾಗ ಅವನು ಬೀಸಿದ ಏಟು ಎತ್ತಿನ ಕಣ್ಣಿಗೆ ಬಿತ್ತು. ಆ ಎತ್ತು ಮುಂದೆ ಆರು ವರ್ಷ ಒಂದೇ ಕಣ್ಣಲ್ಲಿ ದುಡಿಯಿತು. ದಿನಾ ಮೇವು ಹಾಕುವಾಗ ಅದರ ಮುಖ ನೋಡುತ್ತಿದ್ದ ತಿಪ್ಪವ್ವ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನುವ ಧೈರ್ಯ ಆಗ ಅವಳಿಗಿರಲಿಲ್ಲ. ಫಕ್ಕೀರಪ್ಪ ತೀರಿಕೊಂಡ ಮೇಲೆ ಮನೆಯಲ್ಲಿದ್ದ ಬಾರಕೋಲುಗಳನ್ನೆಲ್ಲ ಒಲೆಗೆ ಹಾಕಿ ನೀರು ಕಾಯಿಸಿದಳು. ಅಲ್ಲಿಂದ ಮುಂದೆ ಎಲ್ಲೂ ಸುಮ್ಮನಿರಲಿಲ್ಲ.

ಹಾನಗಲ್ಲಿನಲ್ಲಿ ಒಮ್ಮೆ ಕಬ್ಬಿನ ಬಂಡಿಯ ಎತ್ತೊಂದು ಭಾರ ತಾಳದೆ ರಸ್ತೆಯಲ್ಲೇ ಮೊಣಕಾಲೂರಿತು. ಬಂಡಿಯವನು ಬಾಲ ತಿರುಚತೊಡಗಿದ. ತಿಪ್ಪವ್ವ ಸೊಂಟದ ಕುಡುಗೋಲು ತೆಗೆದು ಹೇರಿಗೆ ಬಿಗಿದ ಹಗ್ಗವನ್ನೇ ಕಡಿದಳು. ಅರ್ಧ ಬಂಡಿ ಕಬ್ಬು ರಸ್ತೆಗೆ ಸುರಿಯಿತು. ಹಿಂದೆ ಮೂರು ಬಸ್ಸು ನಿಂತವು. ಬಂಡಿಯವನು ಬೈದದ್ದೇ ಬೈದದ್ದು. ಅವನಿಗೆ ಉಸಿರು ಸಾಲದಾದಾಗ ತಿಪ್ಪವ್ವ ತನ್ನ ಸುರುಳಿಯಿಂದ ಒಂದು ಹೊಸ ಹಗ್ಗ ತೆಗೆದು ಅವನ ಕೈಗಿಟ್ಟು, "ಹಗ್ಗ ಹಾಳ ಮಾಡೇನಿ, ಹಗ್ಗ ಕೊಟ್ಟೇನಿ. ಈಗ ಎರಡ ಸಲ ಮಾಡಿ ಹೇರು" ಅಂದಳು. ನಿಂತ ಬಸ್ಸಿನೊಳಗಿಂದ ಯಾರೋ, "ಇಕಿ ದನದ ಫೌಜದಾರ್ತಿ ನೋಡ್ರಿ!" ಎಂದು ಕೂಗಿದರು. ದನಗಳ ಪೊಲೀಸಮ್ಮ ಎಂಬರ್ಥದ ಆ ಹೆಸರೇ ನಿಂತಿತು.

ಎರಡು ವರ್ಷದ ಹಿಂದೆ ಗೋವಿನಜೋಳದ ಸುಗ್ಗಿಯಲ್ಲಿ ತಿಪ್ಪವ್ವ ಹಿರೇಕೆರೂರಿನ ಸಂತೆಗೆ ಬಂದಿಳಿದಳು. ಬಸ್ ನಿಲ್ದಾಣದ ಎದುರಿಗೆ ಒಂದು ಮಿರ್ಚಿ ಅಂಗಡಿ. ಅದರ ಪಕ್ಕದ ಗೋಡೆಗೆ ಮೈ ತಾಗಿಸದಂತೆ ಒಂದು ಎತ್ತು ನಿಂತಿತ್ತು. ಎಲುಬು ಎಣಿಸಬಹುದಾದಷ್ಟು ಬಡಕಲು. ಹೆಗಲಿನಿಂದ ನಡುವಿನವರೆಗೆ ಚರ್ಮ ಸುಲಿದು ಕೆಂಪಾಗಿತ್ತು. ನೊಣ ಮುತ್ತಿದ್ದವು. ಪಾನಪಟ್ಟಿ ಅಂಗಡಿಯವನನ್ನು ಕೇಳಿದಳು. ಅವನು ಬಾಯಿ ಬಿಡದೆ ಕಣ್ಣಿನಲ್ಲೇ ಮಿರ್ಚಿ ಅಂಗಡಿಯ ಕಡೆ ತೋರಿಸಿದ.

ಅಂಗಡಿಯ ಮಾಲೀಕ ಪರಮೇಶಪ್ಪ ಬಾಣಲೆಯ ಮುಂದೆ ಕೂತಿದ್ದ. ತಿಪ್ಪವ್ವ ನೇರ ಹೋಗಿ, "ಆ ಎತ್ತಿನ ಮ್ಯಾಲ ಬಿಸಿನೀರ ಹಾಕಿದವ್ರ ಯಾರ?" ಎಂದಳು.

"ನೀರಲ್ಲ, ಎಣ್ಣಿ. ನಾನ ಹಾಕೇನಿ, ಏನೀಗ?" ಪರಮೇಶಪ್ಪ ತಲೆಯೆತ್ತಲಿಲ್ಲ. "ದಿನಾ ಬಂದು ಹಿಟ್ಟಿನ ಬೋಗಾಣಿಗೆ ಬಾಯಿ ಹಾಕ್ತೈತಿ. ನಿಂದೇನ ಆ ಎತ್ತು?"

"ನಂದಲ್ಲ."

"ಮತ್ತ ನಿನಗ್ಯಾಕಬೇ ಊರ ಉಸಾಬರಿ?"

ತಿಪ್ಪವ್ವ ಜಗಳಕ್ಕೆ ಇಳಿಯಲಿಲ್ಲ. ಹೊರಗೆ ಬಂದು, ಹೊಸ ಕಣ್ಣಿಯೊಂದನ್ನು ಎತ್ತಿನ ಕೊರಳಿಗೆ ಮೆತ್ತಗೆ ಹಾಕಿ, ಅಂಗಡಿಯ ಎದುರಿನ ಬೇವಿನ ಗಿಡಕ್ಕೆ ಕಟ್ಟಿದಳು. ದನದ ದವಾಖಾನೆಗೆ ನಡೆದು ಹೋಗಿ ಅಂಕಿತಾ ಎಂಬ ಡಾಕ್ಟರನ್ನು ಕರೆದುಕೊಂಡೇ ಬಂದಳು. ಅಂಕಿತಾ ಗಾಯ ತೊಳೆದು, ಮುಲಾಮು ಹಚ್ಚಿ, ಸೂಜಿಮದ್ದು ಕೊಟ್ಟಳು.

"ದಿನಾ ಹಚ್ಚಬೇಕ್ರಿ. ಮತ್ತ ಇದು ಗುನ್ಹೆ ಆಗ್ತೈತಿ. ನೀವು ಕಂಪ್ಲೇಂಟ್ ಕೊಟ್ರ ನಾ ಸರ್ಟಿಫಿಕೇಟ್ ಬರದ ಕೊಡ್ತೇನಿ" ಅಂದಳು.

"ಕೊಡೂಣಂತವಾ. ಮೊದಲ ಊರ ಮಂದಿ ನೋಡ್ಲಿ" ಎಂದು ತಿಪ್ಪವ್ವ ಎತ್ತಿನ ಪಕ್ಕ ಗೋಣಿಚೀಲ ಹಾಸಿ, ಹಗ್ಗ ಹರವಿಕೊಂಡು ಕೂತುಬಿಟ್ಟಳು.

ಮಿರ್ಚಿ ತಿನ್ನಲು ಬಂದವರ ಕಣ್ಣಿಗೆ ಮೊದಲು ಬೀಳುವುದೇ ಆ ಗಾಯ. "ಅಯ್ಯ, ಏನಾಗೇತಿಬೇ ಇದಕ್ಕ?" ಎಂದು ಕೇಳುತ್ತಿದ್ದರು. ತಿಪ್ಪವ್ವ ಅಂಗಡಿಯ ಕಡೆ ಕೈ ಮಾಡಿ, "ಮಾಲಕರನ್ನ ಕೇಳ್ರಿ. ಅವರ ಬಾಯಿಲೆ ಕೇಳಿದ್ರ ಚಂದ" ಅನ್ನುತ್ತಿದ್ದಳು. ಅಷ್ಟೇ. ಜನ ಎತ್ತನ್ನು ನೋಡುವರು, ಕುದಿಯುವ ಬಾಣಲೆಯನ್ನು ನೋಡುವರು. ಯಾರ ಗಂಟಲಲ್ಲೂ ಮಿರ್ಚಿ ಇಳಿಯಲಿಲ್ಲ. ಮೊದಲ ದಿನ ಅರ್ಧ ಹಿಟ್ಟು ಉಳಿಯಿತು. ಎರಡನೆಯ ದಿನ ಪರಮೇಶಪ್ಪ ಪೊಲೀಸರಿಗೆ ಫೋನು ಮಾಡಿದ. ಒಬ್ಬ ಪೇದೆ ಬಂದು ತಿಪ್ಪವ್ವನಿಗೆ, "ಇಲ್ಲಿಂದ ಎತ್ತಬೇ ನಿನ್ನ ಸಾಮಾನ" ಎಂದ.

"ರಸ್ತಾ ಸರ್ಕಾರದ್ದು, ಹಗ್ಗ ನಂದು, ಗಾಯ ಇವರು ಮಾಡಿದ್ದು. ಇದರಾಗ ಯಾವುದನ್ನ ಎತ್ತಲಿ ಹೇಳ್ರಿ ಸಾಹೇಬ್ರ?"

ಪೇದೆ ಗಾಯವನ್ನು ಒಮ್ಮೆ ನೋಡಿದ. ನಗುವನ್ನು ಮೀಸೆಯಲ್ಲೇ ಮುಚ್ಚಿಕೊಂಡು ಬೇರೆ ಹೋಟೆಲ್ಲಿಗೆ ಚಹಾ ಕುಡಿಯಲು ಹೋದ.

ಮೂರನೆಯ ದಿನ ಬಾಣಲೆ ಒಲೆ ಏರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪರಮೇಶಪ್ಪ ಹೊರಗೆ ಬಂದು ತಿಪ್ಪವ್ವನ ಎದುರು ಕುಕ್ಕರುಗಾಲಲ್ಲಿ ಕೂತ. ಮೂರು ದಿನದಲ್ಲಿ ಅವನ ಮುಖ ಇಳಿದಿತ್ತು.

"ತಪ್ಪಾತಬೇ. ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟೆ" ಎಂದ. ಎತ್ತಿನ ಕಡೆ ಕೈ ಮಾಡಿ, "ಆದ್ರ ಒಂದ ಮಾತ ಕೇಳ್ತೇನಿ. ನಾ ಒಂದ ದಿನ ಸುಟ್ಟೆ. ಇದನ್ನ ಬೀದಿಗೆ ಬಿಟ್ಟ ಹೋದಾಂವ ದಿನಾ ಸುಟ್ಟಾನ. ಅಂವನ್ನ ಯಾರ ಕೇಳವ್ರು?"

"ನಾನ ಕೇಳ್ತೇನಿ. ಯಾರಂತ ಗೊತ್ತಾಗ್ಲಿ ಸಾಕು."

ಮಾತಾಡುತ್ತಲೇ ತಿಪ್ಪವ್ವ ಎತ್ತಿನ ಕೊಳೆತ ಮೂಗುದಾರ ಬಿಚ್ಚಿ ಹೊಸದು ಹಾಕಲು ಹೊರಟಳು. ಮೂಗುದಾರದ ಗಂಟು ಕೈಗೆ ಸಿಕ್ಕಿದ್ದೇ ಅವಳ ಬೆರಳು ನಿಂತವು. ಚೊಂಬಿನ ನೀರಿನಿಂದ ಮಣ್ಣು ತೊಳೆದಳು. ಮೂರೆಳೆಯ ಹೆಣಿಕೆ, ನಡುವೆ ಹಸಿರು ದಾರ. ಅಂಥದ್ದನ್ನು ಅವಳು ಸಂತೆಯಲ್ಲಿ ಮಾರಿದವಳೇ ಅಲ್ಲ. ಒಂದೇ ಒಂದು ಜೋಡಿ ಮಾಡಿದ್ದಳು. ಹಾನಗಲ್ ಹತ್ತಿರದ ಹಳ್ಳಿಯಲ್ಲಿರುವ ತಮ್ಮ ಹಾಲೇಶ ಮೊದಲ ಸಲ ಸ್ವಂತ ಎತ್ತು ಕಟ್ಟಿದಾಗ, ಕಾರಹುಣ್ಣಿಮೆಗೆಂದು ಒಯ್ದು ಕೊಟ್ಟಿದ್ದಳು. ಎಡಗಿವಿ ಹಿಡಿದು ನೋಡಿದಳು. ಮುಳ್ಳುಬೇಲಿಗೆ ಸಿಕ್ಕು ಹರಿದಿದ್ದ ಕಿವಿಯ ತುದಿ ಹಾಗೆಯೇ ಇತ್ತು. ಕೆಂದ. ತವರಿಗೆ ಹೋದಾಗಲೆಲ್ಲ ಅವಳ ಸೆರಗು ಜಗ್ಗಿ ಬೆಲ್ಲ ಕೇಳುತ್ತಿದ್ದ ಕೆಂದ. ಈಚಿನ ನಾಲ್ಕೈದು ವರ್ಷ ನಾಗರಪಂಚಮಿಗೆ ಹೋದಾಗ ಕೊಟ್ಟಿಗೆಯ ಕಡೆ ಅವಳು ಹಾಯ್ದೇ ಇರಲಿಲ್ಲ. ಮೂರು ದಿನ ಪಕ್ಕದಲ್ಲೇ ಕೂತರೂ ಗುರುತು ಹತ್ತಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಯಾರದಂತ ಗೊತ್ತಾತೇನು?" ಪರಮೇಶಪ್ಪ ಕೇಳಿದ.

ಇಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮೂಗುದಾರ ಅವಳ ಮುಷ್ಟಿಯೊಳಗಿತ್ತು.

"ಗೊತ್ತಾತು. ನನ್ನ ತಮ್ಮಂದು" ಅಂದಳು. "ಒಂದ ಗಾಡಿ ತರಸು. ನೀನೂ ಬಾ."

"ಬರ್ತೇನಿ, ಬರದ ಇರ್ತೇನೇನು? ಇಲ್ಲಿ ನಡದ ಬಾಯಿ ಅಲ್ಲೂ ನಡೀತೈತೋ ಇಲ್ಲೋ ನೋಡೇಬಿಡ್ತೇನಿ" ಎಂದ ಪರಮೇಶಪ್ಪ.

ಅಲ್ಲಾಭಕ್ಷ ಎಂಬವನ ಸಣ್ಣ ಗೂಡ್ಸ್ ಗಾಡಿ ಬಂತು. ಅವನು ಯಾರೂ ಹೇಳದೆಯೇ ದಪ್ಪಗೆ ಭತ್ತದ ಹುಲ್ಲು ಹಾಸಿದ. ರಸ್ತೆಯುಬ್ಬು ಬಂದಲ್ಲೆಲ್ಲ ಗಾಡಿಯನ್ನು ಆಮೆಯ ಹಾಗೆ ನಡೆಸಿದ. ತಿಪ್ಪವ್ವ ಹಿಂದುಗಡೆ ಕೆಂದನ ಕೊರಳು ಹಿಡಿದು ನಿಂತಿದ್ದಳು. ಹಾಲೇಶ ಎರಡು ವರ್ಷದವನಿದ್ದಾಗ ಅವ್ವ ಸತ್ತಿದ್ದಳು. ಅವನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ತಿಪ್ಪವ್ವ. ಇವತ್ತಿನವರೆಗೆ ಅವನಿಗೆ ಜೋರು ಮಾಡಿ ಒಂದು ಮಾತು ಆಡಿರಲಿಲ್ಲ. ಇಂದು ಆಡಬೇಕಾಗಿತ್ತು. ಹೇಗೆ ಆಡಲಿ ಎಂಬ ಯೋಚನೆಯಿತ್ತು, ಆಡಲೋ ಬೇಡವೋ ಎಂಬುದಿರಲಿಲ್ಲ.

ಹಾಲೇಶನ ಮನೆಯ ಮುಂದೆ ಟ್ರ್ಯಾಕ್ಟರು ನಿಂತಿತ್ತು. ಗಾಡಿಯ ಸಪ್ಪಳಕ್ಕೆ ಹೊರಗೆ ಬಂದವನು ಮೊದಲು ಅಕ್ಕನನ್ನು ನೋಡಿ ನಕ್ಕ. ಆಮೇಲೆ ಎತ್ತನ್ನು ನೋಡಿದ. ಅಕ್ಕಪಕ್ಕದ ಕಟ್ಟೆಗಳಲ್ಲಿ ಕೂತವರು ಎದ್ದು ಬರತೊಡಗಿದರು.

"ಯಕ್ಕಾ, ಒಳಗ ಬಾ. ಚಾ ಕುಡದು ಮಾತಾಡೂಣು. ಮಂದಿ ನೋಡಾಕತ್ತಾರ" ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಪರಮೇಶಪ್ಪ ಗಾಡಿಗೆ ಒರಗಿ, ಕೈಕಟ್ಟಿ ನೋಡುತ್ತಿದ್ದ. ತಿಪ್ಪವ್ವ ಅವನ ಕಡೆ ಬೆರಳು ತೋರಿಸಿದಳು. "ಇವರು ಇದರ ಮೈ ಸುಟ್ಟಾರ. ಅದಕ್ಕ ಮೂರ ದಿನ ನಡುಬೀದ್ಯಾಗ ಇವರ ಮರ್ಯಾದಿ ತಗದೇನಿ. ನಿನ್ನ ಒಳಗ ಕರದು ಚಾ ಕುಡಕೋಂತ ಕೇಳಿದ್ರ ನಾ ಎಂಥಾಕಿ ಆದೇನೋ ತಮ್ಮಾ? ಇಲ್ಲೇ ಹೇಳು. ಕೆಂದನ್ನ ಯಾಕ ಬಿಟ್ಟಿ?"

ಹಾಲೇಶ ನೆಲ ನೋಡುತ್ತ ಹೇಳಿದ. "ಜೋಡಿ ಎತ್ತಿಗೆ ಹಾವು ಕಡೀತಕ್ಕ. ಒಂಟಿ ಎತ್ತು, ಅದೂ ವಯಸ್ಸಾಗಿದ್ದು, ಯಾರ ತಗೋತಾರ? ಮೂರ ಸಂತಿ ತಿರಗಿದೆ. ಹಿರೇಕೆರೂರಾಗ ಕಡೀಕ ಕಣ್ಣಿ ಬಿಚ್ಚಿ ಬಸ್ ಹತ್ತಿಬಿಟ್ಟೆ. ಹೊಳ್ಳಿ ನೋಡ್ಲಿಲ್ಲ. ನೋಡಿದ್ರ ಬರಾಕ ಆಗ್ತಿದ್ದಿಲ್ಲ."

"ನೋಡಬೇಕಿತ್ತು" ಎಂದಳು ತಿಪ್ಪವ್ವ. ಈಗ ಅವಳ ದನಿ ಏರಿರಲಿಲ್ಲ. "ಅದು ನಿನ್ನ ಬಸ್ಸಿನ ಹಿಂದ ಬಂದಿರಬೇಕು. ಅದಕ್ಕ ನಾ ನೋಡಿದಾಗ ಬಸ್ ನಿಲ್ದಾಣದ ಮುಂದನ ನಿಂತಿತ್ತು. ಹಸದು ಸತ್ತರೂ ಅಲ್ಲಿಂದ ಸರದಿದ್ದಿಲ್ಲ."

ಹಾಲೇಶ ಗಾಡಿಯ ಹತ್ತಿರ ಬಂದು ಕೆಂದನ ಮುಖಕ್ಕೆ ಕೈ ಒಡ್ಡಿದ. ಕೆಂದ ಒಮ್ಮೆ ಮೂಸಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಅದನ್ನು ಕಂಡು ಹಾಲೇಶ ಎಲ್ಲರ ಎದುರೇ ಅತ್ತ. ಪರಮೇಶಪ್ಪ ಕಟ್ಟಿದ ಕೈ ಬಿಚ್ಚಿದ. ಮುಂದೆ ಬಂದು, ಗಾಯಕ್ಕೆ ತಾಗದಂತೆ ಎತ್ತನ್ನು ಕೆಳಗಿಳಿಸಲು ತಾನೇ ಹೆಗಲು ಕೊಟ್ಟ.

ತಿಪ್ಪವ್ವ ಇಪ್ಪತ್ತು ದಿನ ತಮ್ಮನ ಕೊಟ್ಟಿಗೆಯಲ್ಲೇ ಇದ್ದಳು. ಗಾಯ ತೊಳೆಯುವುದು, ಮುಲಾಮು ಹಚ್ಚುವುದು, ಉಳಿದ ಹೊತ್ತು ಹಗ್ಗ ಹೊಸೆಯುವುದು. ಗಾಯ ಮಾಯಿತು, ಆದರೆ ಅಲ್ಲಿ ಮತ್ತೆ ಕೂದಲು ಬರಲಿಲ್ಲ. ಹೊರಡುವ ದಿನ ತಮ್ಮನಿಗೆ, "ಇದು ಇರೂತನಕ ಈ ಕೊಟಗ್ಯಾಗ ಇರಬೇಕು. ನಾ ಯಾವತ್ತ ಬಂದ ನೋಡ್ತೇನಂತ ಹೇಳಂಗಿಲ್ಲ" ಎಂದು ಹೇಳಿದಳು. ಹಾಲೇಶ ತಲೆಯಾಡಿಸಿದ. ಆದರೆ ಬಸ್ಸಿನವರೆಗೆ ಕಳಿಸಲು ಬರಲಿಲ್ಲ. ಊರವರ ಎದುರು ಆದ ಅವಮಾನ ಅವನಿಗೆ ಎತ್ತಿನ ಗಾಯದಷ್ಟು ಬೇಗ ಮಾಯಲಿಲ್ಲ.

ಮುಂದಿನ ಪಂಚಮಿಗೆ ತವರಿನಿಂದ ಕರೆಯಲು ಯಾರೂ ಬರಲಿಲ್ಲ. ಮದುವೆಯಾದಾಗಿನಿಂದ ಹಾಗಾದದ್ದು ಅದೇ ಮೊದಲು. ತಿಪ್ಪವ್ವ ತಡಸದಲ್ಲೇ ಒಬ್ಬಳೇ ಉಂಡಿ ಕಟ್ಟಿ ತಿಂದಳು. ಆದರೂ ಆವತ್ತು ಒಳಗೆ ಹೋಗಿ ಚಹಾ ಕುಡಿಯಬೇಕಿತ್ತು ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಹಿರೇಕೆರೂರಿಗೆ ಹೋದಾಗ ಪರಮೇಶಪ್ಪ ಅಂಗಡಿಯೊಳಗೆ ಕರೆದು ಕೂರಿಸುತ್ತಿದ್ದ. ಹಿಟ್ಟಿನ ಬೋಗಾಣಿಯನ್ನು ಒಳಗಿನ ಕೋಣೆಗೆ ಸಾಗಿಸಿದ್ದ. ಹೊರಗೆ ದನಗಳಿಗೆ ಒಂದು ಸಿಮೆಂಟಿನ ನೀರಿನ ತೊಟ್ಟಿ ಇಡಿಸಿದ್ದ. "ಇವರಿಗೆ ತಮ್ಮನೂ ಅಷ್ಟ, ಮಂದೀನೂ ಅಷ್ಟರಿ" ಎಂದು ಗಿರಾಕಿಗಳಿಗೆ ಕತೆ ಹೇಳುತ್ತಿದ್ದ.

ಈ ವರ್ಷ ಪಂಚಮಿಗೆ ನಾಲ್ಕು ದಿನ ಇರುವಾಗ ಹಾಲೇಶ ತಡಸಕ್ಕೆ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತು, "ಯಕ್ಕಾ, ಹಬ್ಬಕ್ಕ ಕರಿಯಾಕ ಬಂದೇನಿ" ಅಂದ.

"ಕೆಂದ ಹೆಂಗೈತಿ?"

"ಮೇಯ್ತೈತಿ. ನನ್ನ ಗುರತ ಹಿಡೀತೈತಿ ಈಗ."

ತಿಪ್ಪವ್ವ ಅವನಿಗೆ ನೀರು ಕೊಟ್ಟಳು. "ನಾಳೆ ಸವಣೂರ ಸಂತಿ. ಅಲ್ಲಿ ಒಬ್ಬಾಂವ ಕುಂಟ ಕುದರೀಗೆ ಟಾಂಗಾ ಹೂಡಾಕತ್ತಾನಂತ. ಅಂವನ್ನ ನೋಡಿ ನಾಡದ ಬರ್ತೇನಿ" ಅಂದಳು. ಹಾಲೇಶ ಬೇಡ ಅನ್ನಲಿಲ್ಲ. ಅಕ್ಕನ ಮಾತು ಅವನಿಗೆ ಗೊತ್ತಿತ್ತು.

ಹೇಳಿದ ದಿನವೇ ಅವಳು ತವರಿಗೆ ಬಂದಳು. ಮೊದಲು ಕೊಟ್ಟಿಗೆಗೆ ಹೋಗಿ ಬಂದು, ಕಾಲು ತೊಳೆದು, ಪಡಸಾಲೆಯಲ್ಲಿ ಕೂತಳು. ಹಾಲೇಶನ ಹೆಂಡತಿ ತಟ್ಟೆಯಲ್ಲಿ ಶೇಂಗಾ ಉಂಡಿ ತಂದಿಟ್ಟಳು. ತಿಪ್ಪವ್ವ ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡು, ಸವಣೂರಿನ ಟಾಂಗಾದವನು ಕೊನೆಗೆ ಕುದುರೆಯನ್ನು ಬಿಚ್ಚಿ ತಾನೇ ಟಾಂಗಾ ಎಳೆದುಕೊಂಡು ಮನೆಗೆ ಹೋದ ಕತೆಯನ್ನು ಶುರುಮಾಡಿದಳು.