ಕುದುರೆಗೆ ಬರೆದುಕೊಟ್ಟ ಹುಟ್ಟುದಿನ

ಯಾವ ಅರ್ಜಿಯಲ್ಲಾದರೂ ‘ಜನ್ಮದಿನಾಂಕ’ ಎಂಬ ಅಂಕಣ ಕಂಡೊಡನೆ ನನ್ನ ಲೇಖನಿ ಗಳಿಗೆಹೊತ್ತು ತಡೆಯುತ್ತದೆ. ನಾನು ಹುಟ್ಟಿದ್ದು ಆಶ್ವಯುಜ ಬಹುಳ ತದಿಗೆಯಂದು. ಇದಕ್ಕೆ ನಮ್ಮಮ್ಮನೇ ಸಾಕ್ಷಿ. ಆದರೆ ಚಾಮರಾಜಪೇಟೆಯ ಶಾಲೆಗೆ ಸೇರಿಸಿದ ದಿನ ಮೇಷ್ಟರು ಪಂಚಾಂಗ ತಿರುವುವ ಗೋಜಿಗೆ ಹೋಗದೆ ಜೂನ್ ಒಂದು ಎಂದು ಬರೆದುಬಿಟ್ಟರು. ನಮ್ಮ ತರಗತಿಯ ಅರ್ಧ ಮಂದಿ ಹೀಗೆ ಒಂದೇ ದಿನ ಹುಟ್ಟಿದವರು. ಅಷ್ಟು ತೊಟ್ಟಿಲುಗಳನ್ನು ಯಾವ ಬಡಗಿ ಒದಗಿಸಿದನೋ ಕಾಣೆ.

ಈ ಸೌಭಾಗ್ಯ ನಮ್ಮದು ಮಾತ್ರ ಎಂದು ನಂಬಿದ್ದೆ. ಮಹಾಯುದ್ಧ ಮುಗಿದ ಮರುವರ್ಷ, ಬೆಳಗಿನ ವಾಯುಸೇವನೆಯ ನೆಪದಲ್ಲಿ ರೇಸ್‌ಕೋರ್ಸಿನ ಬೇಲಿಯ ಬಳಿ ನಿಲ್ಲುವ ಚಟ ಹತ್ತಿತ್ತು. ಅಲ್ಲಿ ಕುದುರೆ ನೋಡಿಕೊಳ್ಳುವ ಮುದುಕರೊಬ್ಬರು ಹೇಳಿದರು: “ಯಾವತ್ತೇ ಹುಟ್ಲಿ ಸ್ವಾಮಿ, ಪುಸ್ತಕದಲ್ಲಿ ಒಂದೇ ದಿನ ಎಲ್ಲಾ ಮರಿಗೂ ಒಂದ್ ವರ್ಷ ಜಾಸ್ತಿ ಆಗ್ತದೆ.”

ಅಂದಿನಿಂದ ನಾನು ಆ ಮರಿಗಳ ಪಕ್ಷ. ಅವುಗಳ ಓಟದ ಚರಿತ್ರೆಯನ್ನೇ ಹುಡುಕಲು ಕುಳಿತೆ. ಹಿಂದೆ ಇಂಗ್ಲೆಂಡಿನಲ್ಲಿ ಬಲಿತ ಕುದುರೆಗಳನ್ನು ಒಂದೇ ದಿನ ಮತ್ತೆ ಮತ್ತೆ, ಮೈಲಿಗಟ್ಟಲೆ ಓಡಿಸುತ್ತಿದ್ದರಂತೆ. ಆಮೇಲೆ ಶ್ರೀಮಂತರಿಗೆ ಮೂರು ವರ್ಷದ ಮರಿಗಳನ್ನು ಅಡೆತಡೆಯಿಲ್ಲದ ಬಯಲಿನಲ್ಲಿ ಒಂದೇ ಉಸಿರಿಗೆ ಓಡಿಸುವ ಉಮೇದು ಹುಟ್ಟಿತು. ಡರ್ಬಿ ಎಂಬ ಪಂದ್ಯ ಬಂದದ್ದು ಹೀಗೆ. ಅದಕ್ಕೆ ಇಬ್ಬರು ಶ್ರೀಮಂತರಲ್ಲಿ ಯಾರ ಹೆಸರಿಡಬೇಕೆಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರೆಂಬ ಕಥೆಯೂ ಇದೆ. ಹಡಗು ಹತ್ತಿ ಬಂದ ಪದ್ಧತಿ ನಮ್ಮ ದೇಶದಲ್ಲೂ ಬೇರುಬಿಟ್ಟಿತು. ಪುಸ್ತಕದ ಲೆಕ್ಕದಲ್ಲಿ ಮೂರಾಗುವ ಆ ಒಂದು ವರ್ಷ ತಪ್ಪಿದರೆ ಮರಿಗೆ ಆ ಓಟದಲ್ಲಿ ಮತ್ತೊಂದು ಅವಕಾಶವಿಲ್ಲ.

ಇದನ್ನೆಲ್ಲ ಪ್ರಬಂಧವಾಗಿ ಬರೆದು ನಮ್ಮ ಬಡಾವಣೆಯ ಸಾಹಿತ್ಯ ಸಂಘದಲ್ಲಿ ಓದುವುದಾಗಿ ಪ್ರಕಟಿಸಿದೆ. ಹನ್ನೊಂದು ವರ್ಷ ಬೆಂಚು ಹೊತ್ತು ಆ ಸಂಘ ಕಟ್ಟಿದ ಕಾರ್ಯದರ್ಶಿ ನಾನು; ಅಧ್ಯಕ್ಷರು ನನ್ನ ಸೋದರಮಾವ, ನಿವೃತ್ತ ಅಮಲ್ದಾರರು. ಅವರ ನಿಘಂಟಿನಲ್ಲಿ ರೇಸು ಎಂದರೆ ಮನೆಹಾಳು. ನಾನು ಒಂದು ದಿನವೂ ಬಾಜಿ ಕಟ್ಟಿದವನಲ್ಲ ಎಂದರೂ ಕೇಳಲಿಲ್ಲ.

“ಕುದುರೆ ಮೇಲೇ ಮಾತಾಡ್ಬೇಕು ಅಂದ್ರೆ ಅಶ್ವಮೇಧದ ಕುದುರೆ ಇಲ್ವೇನೋ? ಇದನ್ನ ಓದಿದ್ರೆ ನಾಳೆಯಿಂದ ನೀನು ಕಾರ್ಯದರ್ಶಿ ಅಲ್ಲ.”

“ಅದನ್ನ ಕೊನೇಲಿ ಕಡೀತಾರೆ ಮಾವ. ಇವು ಓಡಿ ಲಾಯಕ್ಕೆ ವಾಪಸ್ ಬರ್ತವೆ. ನಾನು ಓದ್ತೀನಿ.”

ಓದಿದೆ. ತಡವಾಗಿ ಹುಟ್ಟಿದ ಮರಿಯೂ ತಿಂಗಳುಗಟ್ಟಲೆ ಮೊದಲು ಹುಟ್ಟಿದ್ದರ ಜೊತೆ ಸರಿಸಮ ನಿಲ್ಲಬೇಕು, ದೂರು ಕೇಳುವವರಿಲ್ಲ ಎಂಬ ಸಾಲಿಗೆ ಬಂದಾಗ ಮಾವ ಕನ್ನಡಕ ತೆಗೆದರು. ಅವರ ಮೇಷ್ಟರು ವಯಸ್ಸನ್ನು ಎರಡು ವರ್ಷ ಹೆಚ್ಚಿಗೆ ಬರೆದಿದ್ದರಿಂದ ಎರಡು ವರ್ಷ ಮೊದಲೇ ಕಚೇರಿ ಬಿಟ್ಟವರು ಅವರು; ಆ ಸಂಕಟ ನಮ್ಮ ಮನೆಮಂದಿಗೆಲ್ಲ ಗೊತ್ತು.

“ತಡವಾಗಿ ಹುಟ್ಟಿದ್ದು ಗೆದ್ದದ್ದುಂಟೇನೋ?” ಎಂದರು, ಮೆಲ್ಲಗೆ.

“ಗೆದ್ದದ್ದೂ ಉಂಟು ಮಾವ.”

ತಲೆಯಾಡಿಸಿದರು. ಮರುದಿನ ಸಂಘದ ಬೀಗದ ಕೈಯನ್ನು ಈಸಿಕೊಂಡೂ ಹೋದರು. ಆಡಿದ ಮಾತು ತಪ್ಪುವವರಲ್ಲ. ನನಗೆ ನೋವಾಯಿತು, ಸುಳ್ಳೇಕೆ? ಆದರೆ ಕೈಕಾಲು ಹಿಡಿಯಲಿಲ್ಲ, ಒಂದು ಸಾಲನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಈಗ ಆ ಅಂಕಣ ಕಂಡರೆ ಜೂನ್ ಒಂದು ಎಂದು ಬರೆದು, ಅದರ ಕೆಳಗೆ ಆಶ್ವಯುಜ ಬಹುಳ ತದಿಗೆ ಎಂದೂ ಬರೆಯುತ್ತೇನೆ. ಹೆಸರಿನಲ್ಲೇ ಅಶ್ವವಿರುವ ಮಾಸವನ್ನು ನಾನು ಬಿಟ್ಟುಕೊಡುವುದುಂಟೆ, ನೀವೇ ಹೇಳಿ. ಗುಮಾಸ್ತರು ಅದನ್ನು ಹೊಡೆದುಹಾಕುತ್ತಾರೆ. ಮುಂದಿನ ಅರ್ಜಿಯಲ್ಲಿ ಮತ್ತೆ ಬರೆಯುತ್ತೇನೆ.