ಸಂದಿಯ ಕಡೆಯ ಕಿಟಕಿ

ಬಳ್ಳಾರಿಗೆ ಬಂದ ಮೂರನೆಯ ದಿನ ಸಂಜೆ ಮುಖ ತೊಳೆಯಲು ನಲ್ಲಿ ತಿರುಗಿಸಿದೆ. ಕೈ ಚುರ್ ಎಂದಿತು. ಗೀಸರ್ ಆರಿಸುವುದನ್ನು ಮರೆತೆ ಅಂದುಕೊಂಡು ಸ್ವಿಚ್ ಹುಡುಕಿದೆ. ಆ ಮನೆಯಲ್ಲಿ ಗೀಸರ್ ಇರಲೇ ಇಲ್ಲ. ಮಾಳಿಗೆಯ ಕಪ್ಪು ಟ್ಯಾಂಕಿನಲ್ಲಿ ದಿನವಿಡೀ ಕಾದ ನೀರು ಅದು. ಗೋಡೆ ಮುಟ್ಟಿದರೆ ಗೋಡೆಯೂ ಬಿಸಿ, ದಿಂಬೂ ಬಿಸಿ, ಬೀರುವಿನಿಂದ ತೆಗೆದ ಸೀರೆ ಆಗತಾನೇ ಇಸ್ತ್ರಿ ಮಾಡಿದಂತೆ. ಮೈಸೂರಿನಲ್ಲಿ ಬಿಸಿಲು ಹೊರಗಿನದು, ಹೊಸಿಲು ದಾಟಿದರೆ ಮುಗಿಯಿತು. ಇಲ್ಲಿ ಅದು ನಮಗಿಂತ ಮೊದಲೇ ಒಳಗೆ ಬಂದು ಕುಳಿತಿರುತ್ತದೆ.

ನಾನು ಕುರುಗೋಡಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ವಾಸಕ್ಕೆ ಹಿಡಿದದ್ದು ಬಳ್ಳಾರಿಯಲ್ಲಿ, ಕೌಲ್ ಬಜಾರಿನ ಒಂದು ಪುಟ್ಟ ಬಾಡಿಗೆ ಮನೆ. ಒಬ್ಬಳೇ ಇದ್ದೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬೇಸಿಗೆಯಲ್ಲಿ ಇಲ್ಲಿ ಎಲ್ಲವೂ ಬೆಳಗಿನ ಹೊತ್ತಿಗೆ ಸರಿಯುತ್ತದೆ, ತರಗತಿಗಳೂ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಬಂದು ಬಾಗಿಲು ತೆಗೆದರೆ ಮುಂದಿನ ನಾಲ್ಕು ತಾಸು ಏನು ಮಾಡಬೇಕೆಂಬುದೇ ಆ ಮೊದಲ ವರ್ಷದ ದೊಡ್ಡ ಪ್ರಶ್ನೆಯಾಗಿತ್ತು.

ಉತ್ತರ ಕೊಟ್ಟವರು ಹನುಮಕ್ಕ. ನನ್ನ ಮನೆಗೂ ಪಕ್ಕದ ಕಟ್ಟಡಕ್ಕೂ ನಡುವೆ ಒಂದು ಸಂದಿ ಇದೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು, ಅಷ್ಟೇ ಅಗಲ. ಅದರ ಆ ತುದಿಗೆ ಹಿಂದಿನ ಗಲ್ಲಿ, ಅಲ್ಲಿ ಹನುಮಕ್ಕನ ತಗಡಿನ ಮನೆ. ಸಂದಿಗೆ ಮಧ್ಯಾಹ್ನ ಬಿಸಿಲು ಬೀಳುವುದಿಲ್ಲ, ಎಲ್ಲಿಂದಲೋ ಒಂದಿಷ್ಟು ಗಾಳಿ ಹರಿಯುತ್ತದೆ. ಹನುಮಕ್ಕ ನೆಲಕ್ಕೆ ನೀರು ಚಿಮುಕಿಸಿ, ಗೋಣಿಚೀಲ ಹಾಸಿ, ಹೊಲಿದ ಜೀನ್ಸ್ ಪ್ಯಾಂಟುಗಳ ಗಂಟು ಬಿಚ್ಚಿ ಕೂರುತ್ತಿದ್ದರು. ಈ ಊರಿನಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಗಳು ಬಹಳ. ಹೊಲಿಗೆಯ ತುದಿಯಲ್ಲಿ ಉಳಿದ ದಾರಗಳನ್ನು ಕತ್ತರಿಸುವ ಕೆಲಸ ಹೀಗೆ ಮನೆಮನೆಗೆ ಬರುತ್ತದೆ.

ಅವರು ಮೊದಲ ಸಲ ನನ್ನನ್ನು ಮಾತಾಡಿಸಿದ್ದು ಸಂದಿಯ ಕಡೆಗಿದ್ದ ನನ್ನ ಕಿಟಕಿಯ ಕಂಬಿಯ ಆಚೆಯಿಂದ.

"ಮೇಡಂ, ಒಳಗ ಕುಂತು ಏನ್ ಬೇಯಾಕತ್ತೀರಿ? ಬರ್ರಿ ಹೊರಗ. ಇಲ್ಲಿ ತಂಪೈತಿ."

ಆ ಬೇಸಿಗೆ ನಾನು ಆ ಸಂದಿಯಲ್ಲೇ ಕಳೆದೆ. ದಾರ ಕತ್ತರಿಸುವುದನ್ನು ಅಲ್ಲೇ ಕಲಿತೆ. ಮೊದಲ ವಾರ ನಾನು ಒಂದು ಪ್ಯಾಂಟು ಮುಗಿಸುವಷ್ಟರಲ್ಲಿ ಅವರು ಆರು ಮುಗಿಸುತ್ತಿದ್ದರು. "ಇಷ್ಟು ಓದೀರಿ, ಒಂದು ಕಾಲು ಮುಗಿಸಾಕ ಒಂದು ತಾಸು ಬೇಕಾ?" ಎಂದು ಬೈಯುತ್ತಿದ್ದರು. ಉಗ್ಗಾಣಿ ಅಂದರೆ ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿ, ಅದು ಮಿರ್ಚಿ ಬಜ್ಜಿ ಇಲ್ಲದೆ ಇಳಿಯುವುದಿಲ್ಲ ಎಂದು ಕಲಿತದ್ದೂ ಅಲ್ಲೇ. ಹನುಮಕ್ಕ ಗಂಟು ತಂದವನ ಹತ್ತಿರ ತೆಲುಗಿನಲ್ಲಿ ಜಗಳ ತೆಗೆದು, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ನಗುತ್ತಿದ್ದರು. ಮೈಸೂರಿನಲ್ಲಿ ಪಕ್ಕದ ಮನೆಯವರ ಜೊತೆ ಇಪ್ಪತ್ತು ವರ್ಷ ಗೇಟಿನ ಬಳಿಯೇ ಮಾತಾಡಿದ್ದೆವು. ಇಲ್ಲಿ ಎರಡು ತಿಂಗಳಲ್ಲಿ ಒಬ್ಬರ ಮಂಡಿಗೆ ಮಂಡಿ ತಾಗಿಸಿ ಕೂತಿದ್ದೆ.

ಎರಡನೆಯ ಬೇಸಿಗೆಗೆ ನಾನು ಎ.ಸಿ. ಕೊಂಡೆ. ಕಾರಣ ಕೇಳಿದರೆ ಹೇಳಲು ನನ್ನಲ್ಲಿ ಬೇಕಾದಷ್ಟಿದ್ದವು: ಮೈತುಂಬ ಬೆವರುಸಾಲೆ, ನಿದ್ದೆಯಿಲ್ಲದ ಕಣ್ಣು, ತಿದ್ದಬೇಕಾದ ಉತ್ತರಪತ್ರಿಕೆಗಳು. ಎಲ್ಲವೂ ನಿಜ. ಎಲ್ಲವೂ ನನ್ನೊಬ್ಬಳ ಮೈಯದು ಎಂಬುದೂ ನಿಜ.

ಹಾಕಲು ಬಂದವನು ಖಾಜಾ. ಸಿರುಗುಪ್ಪದವನು, ಕೌಲ್ ಬಜಾರಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ತನ್ನೂರಿನ ಭತ್ತದ ಗದ್ದೆಗಳ ಮೇಲಿನಿಂದ ಬರುವ ಗಾಳಿಯನ್ನು ಹೊಗಳದೆ ಅವನು ಸ್ಕ್ರೂ ಬಿಗಿಯುವುದಿಲ್ಲ. ಒಳಗಿನ ಪೆಟ್ಟಿಗೆಯ ಜಾಗದ ಬಗ್ಗೆ ತಕರಾರಿರಲಿಲ್ಲ. ಮಾತು ಬಂದದ್ದು ಹೊರಗಿನ ಪೆಟ್ಟಿಗೆಯ ಬಗ್ಗೆ.

"ಮಾಳಿಗಿ ಮ್ಯಾಲ ಇಡೋಣ್ರಿ ಮೇಡಂ. ಒಂದು ಸ್ಟ್ಯಾಂಡ್ ಮಾಡಿಸಿ, ಮ್ಯಾಲ ನೆಳ್ಳು ಹಾಕಿದ್ರ ಆತು."

"ಅಲ್ಲಿ ಪೂರ್ತಿ ಬಿಸಿಲಲ್ವಾ? ಪೈಪೂ ಉದ್ದ ಆಗುತ್ತೆ. ಸಂದಿಯ ಗೋಡೆಗೆ ಹಾಕಿ. ನೇರ ಬಿಸಿಲು ಬೀಳದ ಜಾಗದಲ್ಲಿ ಇಡಿ ಅಂತ ಪುಸ್ತಕದಲ್ಲೇ ಇದೆ ನೋಡಿ."

"ಪುಸ್ತಕ ಬರದಾರು ಬಳ್ಳಾರಿಗಿ ಬಂದಿಲ್ರಿ. ಸಂದಿ ಸಣ್ಣದೈತಿ. ಇದು ಬಿಡೋ ಬಿಸಿ ಉಸಿರು ಎದುರಿನ ಗ್ವಾಡಿಗಿ ಬಡದು ವಾಪಸ್ ಬರತೈತಿ. ತನ್ನ ಉಸಿರು ತಾನ ನುಂಗಿದ್ರ ಮಷಿನ್ ಬಾಳ ದಿನ ಬದುಕಂಗಿಲ್ಲ."

ನಾನು ಪುಟ ತಿರುಗಿಸಿ ಚಿತ್ರ ತೋರಿಸಿದೆ. ಖಾಜಾ ನನ್ನ ಮುಖ ನೋಡಿದ, ಸಂದಿ ನೋಡಿದ, ಡ್ರಿಲ್ ಎತ್ತಿಕೊಂಡ. ಸಂದಿ ನನ್ನ ಮನೆ ಮಾಲೀಕರಿಗೇ ಸೇರಿದ್ದು, ಅವರು ಒಪ್ಪಿದ್ದರು. ಹಕ್ಕಿನ ಪ್ರಶ್ನೆಯೇ ಇರಲಿಲ್ಲ.

ಆ ದಿನದ ಬಗ್ಗೆ ನನಗೊಂದು ಸ್ಪಷ್ಟ ನೆನಪಿದೆ. ಹನುಮಕ್ಕ ಗಂಟನ್ನು ಸೊಂಟಕ್ಕೆ ಆನಿಸಿ ನಿಂತು "ಹಾಕ್ರಿ ಬಿಡ್ರಿ, ನಮಗೇನ್ ತೊಂದ್ರಿ" ಎಂದು ನಗುತ್ತಾರೆ. ಅವರ ಸೀರೆಯ ಹಸಿರು ಬಣ್ಣವೂ ನೆನಪಿದೆ. ಆದರೆ ಹನುಮಕ್ಕ ಆ ವಾರ ಊರಿನಲ್ಲೇ ಇರಲಿಲ್ಲ, ಮಗಳ ಹೆರಿಗೆಗೆಂದು ಕುರುಗೋಡಿಗೆ ಹೋಗಿದ್ದರು. ದಿನಚರಿಯಲ್ಲಿ ನಾನೇ ಹಾಗೆ ಬರೆದಿಟ್ಟಿದ್ದೇನೆ. ನನಗೆ ಬೇಕಾಗಿದ್ದ ಒಪ್ಪಿಗೆಯನ್ನು ಮನಸ್ಸು ಯಾವಾಗಲೋ ಹಸಿರು ಸೀರೆ ಉಡಿಸಿ ತಂದು ನಿಲ್ಲಿಸಿದೆ.

ಆ ಬೇಸಿಗೆ ಸುಖವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಬಸ್ಸಿಳಿದು ಬಂದು, ಕಿಟಕಿ ಹಾಕಿ, ಪರದೆ ಎಳೆದು, ರಿಮೋಟ್ ಒತ್ತಿದರೆ ಹತ್ತು ನಿಮಿಷದಲ್ಲಿ ಮೈಸೂರು. ನಿದ್ದೆ ಮಾಡಿದೆ, ಓದಿದೆ, ಅಮ್ಮನಿಗೆ ಫೋನಿನಲ್ಲಿ "ಇಲ್ಲಿ ಹೊದ್ದುಕೊಂಡು ಮಲಗ್ತೀನಿ" ಎಂದು ಜಂಬ ಕೊಚ್ಚಿದೆ. ಹನುಮಕ್ಕ ಮಗಳ ಮನೆಯಲ್ಲೇ ಇದ್ದಾರೆ ಅಂದುಕೊಂಡೆ. ದಿನಾ ಕುರುಗೋಡಿಗೆ ಹೋಗುತ್ತಿದ್ದವಳು ಒಂದು ದಿನವೂ ವಿಚಾರಿಸಲಿಲ್ಲ. ಅವರ ಬಾಗಿಲು ಹಿಂದಿನ ಗಲ್ಲಿಗೆ, ನನ್ನದು ಮುಂದಿನ ರಸ್ತೆಗೆ. ಕಿಟಕಿ ಮುಚ್ಚಿದ ಮೇಲೆ ನಾವು ಎರಡು ಬೇರೆ ಓಣಿಯವರು. ಮಳೆಗಾಲದಲ್ಲಿ ಒಮ್ಮೆ ತರಕಾರಿ ಅಂಗಡಿಯ ಮುಂದೆ ಸಿಕ್ಕಿದರು. "ಯಾವಾಗ ಬಂದ್ರಿ ಕುರುಗೋಡಿನಿಂದ?" ಎಂದೆ. "ಬಂದು ಬಾಳ ದಿನಾತ್ರಿ" ಎಂದು ನಕ್ಕು ಬದನೆಕಾಯಿ ಆರಿಸತೊಡಗಿದರು. ಆ ನಗು ಮೊದಲಿನಂತಿರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ಅನಿಸಿತ್ತೇ, ಗೊತ್ತಿಲ್ಲ.

ಮೂರನೆಯ ಬೇಸಿಗೆಯ ಶುರುವಿನಲ್ಲೇ ಯಂತ್ರ ಕೈಕೊಟ್ಟಿತು. ಅರ್ಧ ತಾಸು ತಂಪು, ಆಮೇಲೆ ಬರೀ ಗಾಳಿ. ಒಳಗಿನ ಜಾಲರಿಯನ್ನು ನಾನು ತಿಂಗಳಿಗೊಮ್ಮೆ ತೊಳೆಯುತ್ತಿದ್ದೆ. ಹೊರಗಿನ ಪೆಟ್ಟಿಗೆಯ ಕಡೆ ಇಡೀ ವರ್ಷ ತಿರುಗಿಯೂ ನೋಡಿರಲಿಲ್ಲ. ಖಾಜಾ ಬಂದು ಏಣಿ ಹಾಕಿ, ಪೆಟ್ಟಿಗೆಯ ಬೆನ್ನಿಗೆ ಬೆರಳಾಡಿಸಿದ.

"ಮೇಡಂ, ಬರ್ರಿ ಇಲ್ಲಿ. ನಿಮ್ಮ ಮಷಿನ್ ಜೀನ್ಸ್ ಹಾಕ್ಕೊಂಡೈತಿ."

ಗಾಳಿ ಒಳಗೆಳೆಯುವ ಕಡೆಯ ಸಣ್ಣ ಸಣ್ಣ ತಗಡಿನ ಎಲೆಗಳ ಮೇಲೆ ನೀಲಿ ಕಂಬಳಿಯಂತೆ ಏನೋ ಅಂಟಿಕೊಂಡಿತ್ತು. ಅವನು ಅಂಚಿನಿಂದ ಸುಲಿದು ನನ್ನ ಅಂಗೈಯಲ್ಲಿಟ್ಟ. ಹತ್ತಿಯ ನವಿರು ಎಳೆ, ನೀಲಿ ಧೂಳು, ಬೆರಳುಗುರಿನಷ್ಟುದ್ದದ ದಾರದ ತುಂಡುಗಳು. ಪಂಪಿನಿಂದ ನೀರು ಹಾಯಿಸಿದಾಗ ಸಂದಿಯ ಉದ್ದಕ್ಕೂ ನೀಲಿ ನೀರು ಹರಿಯಿತು.

ಸಾಕ್ಷ್ಯ ಅಂದರೆ ಏನು ಎಂದು ಪ್ರತಿ ವರ್ಷ ಹುಡುಗರಿಗೆ ಪಾಠ ಮಾಡುತ್ತೇನೆ. ಅಷ್ಟು ದಾರ ಒಂದೆರಡು ದಿನಕ್ಕೆ ಕೂಡುವಂಥದ್ದಲ್ಲ. ಇಡೀ ಹಿಂದಿನ ಬೇಸಿಗೆ, ದಿನಾ ಮಧ್ಯಾಹ್ನ, ಆ ಪೆಟ್ಟಿಗೆಯ ಕೆಳಗೆ ಯಾರೋ ಕೂತು ಜೀನ್ಸಿನ ದಾರ ಕತ್ತರಿಸಿದ್ದಾರೆ.

ಖಾಜಾ ಒಂದು ಊದುಬತ್ತಿ ಹಚ್ಚಿ ಪೆಟ್ಟಿಗೆಯ ಮುಂದೆ ಹಿಡಿದ. ಹೊಗೆ ನೇರ ಹೋಗಿ ಎದುರಿನ ಗೋಡೆಗೆ ಬಡಿಯಿತು, ಅರ್ಧ ಮೇಲೆ ತಿರುಗಿ ಪೆಟ್ಟಿಗೆಯ ಹಿಂಬದಿಗೇ ಹೋಯಿತು, ಅರ್ಧ ಕೆಳಗಿಳಿಯಿತು. ಕೆಳಗೆ ಹನುಮಕ್ಕನ ಗೋಣಿಚೀಲ ಮಡಚಿ ಇಟ್ಟಿತ್ತು.

ಅಷ್ಟರಲ್ಲಿ ಅವರೇ ಗಂಟು ಹೊತ್ತು ಬಂದರು.

"ಲೇ ಖಾಜಾ, ಹೋಳಿ ಮುಗದು ಎಷ್ಟು ದಿನಾತಲೇ? ಇನ್ನಾ ಬಣ್ಣ ಆಡಾಕತ್ತಿ?"

"ನಿನ್ನ ದಾರನ ಅಕ್ಕಾ. ಮಷಿನ್ ಹೊಟ್ಟಿ ತುಂಬಿಸಿಟ್ಟಿ."

"ಅದು ನನಗ ಬಿಸಿ ಉಣಸ್ತು, ನಾ ಅದಕ್ಕ ದಾರ ಉಣಿಸೀನಿ. ಲೆಕ್ಕ ಚುಕ್ತಾ."

ಇಬ್ಬರೂ ನಕ್ಕರು. ನನಗೆ ನಗಲಾಗಲಿಲ್ಲ.

"ನೀವು ಹೋದ ಬೇಸಿಗೆ ಇಲ್ಲೇ ಕೂತಿದ್ರಾ, ಹನುಮಕ್ಕ?"

"ಮತ್ತೆಲ್ಲಿ ಹೋಗ್ಲಿರೀ? ಮಗಳ ಮನಿಯಾಗ ಹದಿನೈದು ದಿನ ಇದ್ದು ಬಂದೆ. ತಗಡಿನ ಮನ್ಯಾಗ ಮಧ್ಯಾಹ್ನ ಕೂಡಾಕ ಆಗಂಗಿಲ್ಲ. ಇಲ್ಲಿ ಬಿಸಿ ಬಂದ್ರೂ ಬಿಸಲು ಬರಂಗಿಲ್ಲ. ತಲಿ ಮ್ಯಾಲ ಹಸಿ ಟವಲ್ ಹಾಕ್ಕೊಂಡು ಕುಂದರ್ತಿದ್ದೆ. ಒಂದು ಮಾತಿಗೆ, ಸಂಡಿಗಿ ಮಾತ್ರ ಜಲ್ದಿ ಒಣಗಿದ್ವು."

"ನನಗೆ ಒಂದು ಮಾತು ಹೇಳಬಾರದಿತ್ತಾ?"

ಕೇಳಿದ ಕೂಡಲೇ ಆ ಪ್ರಶ್ನೆಯ ಒರಟುತನ ನನಗೇ ತಾಗಿತು. ಬೆಂದವರ ಮೇಲೆಯೇ ತಪ್ಪು ಹೊರಿಸುವಂತಿತ್ತು. ಹನುಮಕ್ಕ ಗೋಣಿಚೀಲ ಕೊಡವುತ್ತ ಸಹಜವಾಗಿ ಹೇಳಿದರು:

"ಬಂದ ದಿನಾನ ಕಿಟಕಿ ಬಡದಿದ್ನೆಲ್ರಿ, ಎರಡ್ ಸಲ. ಮಷಿನ್ ಸಪ್ಪಳದಾಗ ಕೇಳಿರಂಗಿಲ್ಲ ನಿಮಗ. ನೀವು ತಂಪಿನ ಊರಿನಾರು, ಈ ಬಿಸಿಲು ನಿಮಗ ತಡಿಯಂಗಿಲ್ಲ, ನಮಗರ ರೂಢಿ ಐತಿ ಅಂತ ಸುಮ್ಮನಾದೆ."

ಕೇಳಿಸಿರಲಿಲ್ಲ ಎಂದೆ. ಹಾಗೆಂದು ನಂಬಿಯೇ ಹೇಳಿದೆ. ಒಳಗೆ ಹೋಗಿ ಹಿಂದಿನ ವರ್ಷದ ದಿನಚರಿ ತೆಗೆದೆ. ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲದ್ದಕ್ಕೇ ದಿನಚರಿ ಬರೆಯುವುದು. ಏಪ್ರಿಲ್ ತಿಂಗಳ ಒಂದು ಪುಟದಲ್ಲಿ, ಬಸ್ಸಿನ ರಶ್ಶಿನ ಬಗ್ಗೆ ನಾಲ್ಕು ಸಾಲು ಬರೆದ ಮೇಲೆ, ನನ್ನದೇ ಕೈಬರಹ: "ಮಧ್ಯಾಹ್ನ ಯಾರೋ ಕಿಟಕಿ ಬಡಿದ ಹಾಗಾಯಿತು. ಮತ್ತೊಮ್ಮೆ. ತಂಪಿನಿಂದ ಏಳಲು ಮನಸ್ಸಾಗಲಿಲ್ಲ. ಬೇಕಾದವರು ಮುಂದಿನ ಬಾಗಿಲಿಗೆ ಬರುತ್ತಾರೆ."

ಆ ಕಿಟಕಿಯನ್ನು ಬಡಿಯಬಹುದಾದವರು ಜಗತ್ತಿನಲ್ಲಿ ಒಬ್ಬರೇ ಇದ್ದರು.

ಖಾಜಾನಿಗೆ ಪೆಟ್ಟಿಗೆಯನ್ನು ಮಾಳಿಗೆಗೆ ಏರಿಸಲು ಹೇಳಿದೆ. ಮರುದಿನ ಬೆಳಿಗ್ಗೆ ಬಂದ. ಯಂತ್ರದ ಗ್ಯಾಸನ್ನೆಲ್ಲ ಹೊರಗಿನ ಪೆಟ್ಟಿಗೆಯೊಳಗೆ ಎಳೆದು ಮುಚ್ಚಿ, ನಟ್ಟು ಬಿಚ್ಚಿ, ಗೋಡೆಯಿಂದ ಇಳಿಸಿದ. ಉದ್ದದ ಹೊಸ ತಾಮ್ರದ ಪೈಪು ಹಾಕಿ, ಒಳಗಿನ ಗಾಳಿ ತೇವವನ್ನೆಲ್ಲ ಪಂಪು ಹಚ್ಚಿ ಹೀರಿ, ಆಮೇಲೆ ಗ್ಯಾಸು ಬಿಟ್ಟ. "ಮೊದಲ ಹೇಳಿದ್ನೆಲ್ರಿ" ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಕೆಳಗಿಳಿದು ಬಂದು ಅಂದದ್ದು ಇಷ್ಟೇ: "ಮಾಳಿಗಿ ಮ್ಯಾಲ ಪಕ್ಕದ ಮಂದಿ ಮಲಗ್ತಾರ್ರಿ. ಚಾಪಿ ಬಿಚ್ಚೋ ಹೊತ್ತಿಗಿ ಬಂದ್ ಮಾಡ್ರಿ." ಬಿಸಿ ಎಲ್ಲಿಗೂ ಹೋಗುವುದಿಲ್ಲ, ನನ್ನ ಕೋಣೆಯಿಂದ ಇನ್ನೊಬ್ಬರ ಮೈಮೇಲೆ ಹೋಗುತ್ತದೆ ಎಂಬುದನ್ನು ಅಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಆರಿಸುತ್ತೇನೆ. ರಾತ್ರಿ ಕಿಟಕಿ ತೆಗೆದಿಟ್ಟು ಬೆವರುತ್ತೇನೆ.

ಪೆಟ್ಟಿಗೆ ಏರಿಸಿದ್ದು ಸುಲಭದ ಕೆಲಸ. ದಿನಚರಿಯ ಆ ಸಾಲುಗಳನ್ನು ಹೇಳದೆ ಇರಬಹುದಿತ್ತು. ಹನುಮಕ್ಕ ನನಗೆ ಕೇಳಿಸಿರಲಿಲ್ಲ ಎಂದೇ ನಂಬಿದ್ದರು, ಆ ನಂಬಿಕೆಯ ಮೇಲೆ ನಮ್ಮ ಸ್ನೇಹ ಮತ್ತೆ ನಿಲ್ಲುತ್ತಿತ್ತು. ನಾಲ್ಕು ದಿನ ಹೇಳಲಿಲ್ಲ. ಐದನೆಯ ದಿನ ಸಂದಿಯಲ್ಲಿ ಅವರ ಎದುರು ಕೂತು, ಒಂದು ಪ್ಯಾಂಟು ತೊಡೆಯ ಮೇಲೆ ಹಾಕಿಕೊಂಡು ಹೇಳಿದೆ.

"ಹನುಮಕ್ಕ, ಅವತ್ತು ಕಿಟಕಿ ಬಡಿದದ್ದು ನನಗೆ ಕೇಳಿಸಿತ್ತು. ಎದ್ದು ಬರಲಿಲ್ಲ."

ಕತ್ತರಿ ನಿಂತಿತು. ಅವರು ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದ ಪ್ಯಾಂಟಿನ ಹೊಲಿಗೆಯನ್ನೇ ನೋಡುತ್ತಿದ್ದರು. "ಇರ್ಲಿ ಬಿಡ್ರಿ" ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ.

"ನಾ ಒಬ್ಬಾಕಿನ ಆಗಿದ್ರ ಮೂರನೇ ಸಲ ಬಡೀತಿದ್ದೆ," ಎಂದರು. "ಆವತ್ತು ಬಾಣಂತಿ, ಕೂಸು ಇಬ್ರನೂ ಕರಕೊಂಡು ಬಂದಿದ್ದೆ ಕುರುಗೋಡಿನಿಂದ. ತಗಡಿನ ಕೆಳಗ ಕೂಸು ಕೆಂಪಾಗಿ ಅಳಾಕತ್ತಿತ್ತು. ಸಂದ್ಯಾಗ ಮಲಗಸೂನು ಅಂದ್ರ ಇಲ್ಲಿ ಮಷಿನ್. ಒಂದ್ ತಾಸು ಬಂದ್ ಮಾಡ್ರಿ ಅಂತ ಕೇಳಾಕ ಬಂದಿದ್ದೆ. ಸಂಜಿ ಬಸ್ಸಿಗೆ ಮಗಳು ವಾಪಸ್ ಹೋದ್ಲು. ಆಮ್ಯಾಲ ಬ್ಯಾಸಗ್ಯಾಗ ಬರಲಿಲ್ಲ ಆಕಿ."

ಮತ್ತೆ ಕತ್ತರಿಸತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ತೊಡೆಯ ಮೇಲಿದ್ದ ಪ್ಯಾಂಟನ್ನು ಕಿತ್ತುಕೊಂಡು, "ಹೊಲಿಗಿನ ಕತ್ತರಿಸಾಕತ್ತೀರಿ. ಕಣ್ಣು ಎಲ್ಲೈತಿ?" ಎಂದು ಬೈದು, ಬೇರೆಯದನ್ನು ಎಸೆದರು. ಅಷ್ಟೇ. ಕ್ಷಮಿಸಿದರೇ, ಗೊತ್ತಿಲ್ಲ. ಈಗಲೂ ಕೇಳಿಲ್ಲ, ಕೇಳುವುದು ಮತ್ತೆ ನನಗಾಗಿಯೇ ಆಗುತ್ತದೆ.

ಆದರೆ ಈಗ ಮಧ್ಯಾಹ್ನ ಗಂಟು ಬಿಚ್ಚುವ ಮೊದಲು ಅವರು ಕಿಟಕಿ ಬಡಿಯುತ್ತಾರೆ. ಎರಡು ಸಲ. ತಮಾಷೆಗೋ, ಪರೀಕ್ಷೆಗೋ. ನಾನು ತಂಪಿನಲ್ಲಿ ಮಲಗಿದ್ದರೂ ಏಳುತ್ತೇನೆ, ಯಂತ್ರ ಆರಿಸಿ ಹೊರಗೆ ಹೋಗುತ್ತೇನೆ. ಕಂಬಿಯ ಆ ಕಡೆ ಕೂತು ನೋಡಿದರೆ ನನ್ನ ಕಿಟಕಿ ಹೇಗೆ ಕಾಣುತ್ತದೆ ಎಂಬುದು ಈಗ ಗೊತ್ತು. ಪರದೆ ಎಳೆದಿದ್ದರೆ ಒಳಗೆ ಯಾರಿದ್ದಾರೆ ಎಂದು ತಿಳಿಯುವುದೇ ಇಲ್ಲ.

ಮೊನ್ನೆ ರಜೆಗೆ ಮೈಸೂರಿಗೆ ಹೋಗಿದ್ದೆ. ಅಮ್ಮ ನನ್ನ ಜಡೆಯಿಂದ ಒಂದು ನೀಲಿ ಎಳೆ ತೆಗೆದು "ಇದೆಲ್ಲಿಂದ ಬಂತೇ?" ಎಂದಳು. ಊಟ ಮಾಡಿ ನನ್ನ ಹಳೆಯ ಕೋಣೆಯಲ್ಲಿ ಮಲಗಿದೆ. ಫ್ಯಾನು ಕೂಡ ಬೇಕಿರಲಿಲ್ಲ. ನಿದ್ದೆ ಹತ್ತುವ ಹೊತ್ತಿಗೆ ಕಿಟಕಿಯ ಬಾಗಿಲು ಗಾಳಿಗೆ ಬಡಿಯಿತು. ಮತ್ತೊಮ್ಮೆ ಬಡಿಯಿತು.

"ಬಂದೆ, ಹನುಮಕ್ಕ" ಎಂದು ಎದ್ದು ಹೋಗಿ ತೆಗೆದೆ. ಆಚೆ ಅಮ್ಮನ ಕರಿಬೇವಿನ ಗಿಡ, ಕಾಂಪೌಂಡು, ತಣ್ಣನೆಯ ಗಾಳಿ.

"ಯಾರೇ ಅದು?" ಅಡುಗೆಮನೆಯಿಂದ ಅಮ್ಮ ಕೂಗಿದಳು.

ಯಾರೂ ಇಲ್ಲ ಎಂದೆ. ಕಿಟಕಿ ಮುಚ್ಚಲು ಮಾತ್ರ ಕೈ ಬರಲಿಲ್ಲ. ತೆರೆದೇ ಇಟ್ಟು, ಅದರ ಎದುರು ಎಚ್ಚರವಾಗಿ ಕೂತೆ.